ಮಾರಾ ನದಿಯ ಆಚೆ ದಂಡೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆಯುವ ಹವ್ಯಾಸದಿಂದಲೇ ಪರಸ್ಪರ ಪರಿಚಿತರಾದ ನಾವು ನಾಲ್ವರು, ಕಳೆದ ಆಗಸ್ಟ್ ತಿಂಗಳಿನಲ್ಲಿ ಕೀನ್ಯಾ ದೇಶದ ಮಸಾಯಿ ಮಾರಾ ವನ್ಯಜೀವಿ ಮೀಸಲು ಪ್ರದೇಶಕ್ಕೆ ಹೋಗಿ ಬಂದೆವು. ಗದಗಿನಲ್ಲಿ ಫೋಟೊ ಸ್ಟುಡಿಯೊ ನಡೆಸುವ ತರುಣ, ಹುಬ್ಬಳ್ಳಿಯ ಅರಿವೆ ವ್ಯಾಪಾರಿ, ಹಾವೇರಿಯ ನಿವೃತ್ತ ಪಶುವೈದ್ಯರು ಮತ್ತು ಧಾರವಾಡದವನಾದ ನಾನು. ನಮ್ಮಲ್ಲಿ ಮೂವರಿಗೆ, ದನವನ್ನು ಹೋಲುವ ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್‌ಗಳು ಮಾರಾ ನದಿಯನ್ನು ದಾಟುವ ದೃಶ್ಯ ಬೇಕಿತ್ತು. ಡಾಕ್ಟರು ಮಾತ್ರ ಕ್ಯಾಮೆರಾ ತರಲಿಲ್ಲ. ಕೊರಳಲ್ಲಿ ಒಂದು ಹಳೆಯ ದುರ್ಬೀನು, ಕಿಸೆಯಲ್ಲಿ ಒಂದು ಟಿಪ್ಪಣಿ ಪುಸ್ತಕ, ಇಷ್ಟೇ ಅವರ ಸಾಮಾನು. ತಾವು ಬರುವುದಕ್ಕೆ ಬೇರೆಯೇ ಕಾರಣವಿದೆ ಎಂದಷ್ಟೇ ಹೇಳಿದ್ದರು.

ಹೊರಡುವ ಮುಂಚಿನ ಸಿದ್ಧತೆಗಳಲ್ಲಿ ಎರಡನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಕೀನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿಯನ್ನು ಕೈಬಿಟ್ಟು ಆನ್‌ಲೈನ್ ಪ್ರಯಾಣ ಅನುಮತಿಯನ್ನು ಜಾರಿಗೆ ತಂದಿರುವುದರಿಂದ ಆ ಕೆಲಸ ಮನೆಯಲ್ಲಿ ಕುಳಿತೇ ಮುಗಿಯುತ್ತದೆ. ಆದರೆ ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಅಧಿಕೃತ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. ಅದರ ಹಳದಿ ಪುಸ್ತಿಕೆಯನ್ನು ಭಾರತಕ್ಕೆ ಮರಳುವಾಗ ತೋರಿಸಬೇಕಾಗುತ್ತದೆ. ನಾವು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬಂದೆವು.

ನೈರೋಬಿಯಿಂದ ತಲೇಕ್‌ವರೆಗೆ

ಮುಂಬೈಯಿಂದ ಆರು ಗಂಟೆಯ ಹಾರಾಟದ ನಂತರ ಗಡಿಯಾರವನ್ನು ಎರಡೂವರೆ ತಾಸು ಹಿಂದೆ ತಿರುಗಿಸಿ ಹೊರಬಂದಾಗ, ಆಫ್ರಿಕಾ ಎಂದರೆ ಸುಡುಬಿಸಿಲು ಎಂದು ನಂಬಿ ತೆಳು ಅಂಗಿಯಲ್ಲಿ ಬಂದಿದ್ದ ಹುಬ್ಬಳ್ಳಿಯ ಗೆಳೆಯರು ನಡುಗತೊಡಗಿದರು. ಭೂಮಧ್ಯರೇಖೆಗೆ ಹತ್ತಿರವೇ ಇದ್ದರೂ ನೈರೋಬಿ ಬಹಳ ಎತ್ತರದಲ್ಲಿದೆ, ಮಾರಾ ಕೂಡ 1,500 ಮೀಟರಿಗಿಂತ ಮೇಲೆಯೇ ಇದೆ. ಆಗಸ್ಟ್‌ನ ಬೆಳಗುಗಳಿಗೆ ಸ್ವೆಟರ್ ಬೇಕೇ ಬೇಕು. ಆದರೆ ಅರಿವೆ ವ್ಯಾಪಾರಿಯನ್ನು ಜೊತೆಗೆ ಕರೆದುಕೊಂಡು ಹೋದುದರ ಪ್ರಯೋಜನವೂ ನಮಗೆ ಅಲ್ಲಿಯೇ ತಿಳಿಯಿತು. 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಕಟ್ಟುನಿಟ್ಟಾದ ನಿಷೇಧವಿದೆಯೆಂದು ತಿಳಿದ ಅವರು, ಲೆನ್ಸುಗಳಿಗೆ, ಬ್ಯಾಟರಿಗಳಿಗೆ, ಖಡಕ್ ರೊಟ್ಟಿಗೆ, ಶೇಂಗಾ ಚಟ್ನಿಯ ಡಬ್ಬಿಗೆ ಪ್ರತ್ಯೇಕವಾಗಿ ಬಟ್ಟೆಯ ಚೀಲಗಳನ್ನು ಹೊಲಿಸಿ ತಂದಿದ್ದರು.

ಮೇಲ್ಛಾವಣಿ ಎತ್ತಬಹುದಾದ ಲ್ಯಾಂಡ್ ಕ್ರೂಸರ್ ಗಾಡಿಯಲ್ಲಿ ನಾವು ನಾಲ್ವರು, ಜೊತೆಗೆ ಚಾಲಕನೂ ಮಾರ್ಗದರ್ಶಿಯೂ ಆದ ನಾರೋಕ್ ಕಡೆಯ, ದನ ಸಾಕುವ ಮಸಾಯಿ ಬುಡಕಟ್ಟಿನ ಯುವಕ. ಗಾಡಿಯನ್ನು ಗೊತ್ತುಮಾಡುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲಿನ ಎರಡೂ ಕಿಟಕಿ ಸಿಗುವಂತೆ ಕೇಳಿಕೊಳ್ಳುವುದು ಮೇಲು, ಏಕೆಂದರೆ ಪ್ರಾಣಿ ಯಾವ ಬದಿಗೆ ಬರುತ್ತದೆಂದು ಮೊದಲೇ ಹೇಳಲಾಗದು. ನೈರೋಬಿಯನ್ನು ಬಿಟ್ಟು ಒಂದು ತಾಸಿನೊಳಗೆ ನೆಲ ಥಟ್ಟನೆ ಕುಸಿದು ರಿಫ್ಟ್ ಕಣಿವೆ ತೆರೆದುಕೊಳ್ಳುತ್ತದೆ. ಕೆಳಗೆ ಲಾಂಗೊನೋಟ್ ಜ್ವಾಲಾಮುಖಿಯ ಒಣ ಬಾಯಿ, ಘಾಟಿಯ ತುಂಬ ಉಗಾಂಡಾದತ್ತ ಹೊರಟ ಲಾರಿಗಳು. ಆ ಇಳಿಜಾರಿನ ಬದಿಯಲ್ಲಿ ಒಂದು ಪುಟ್ಟ ಇಗರ್ಜಿಯಿದೆ. 1942ರಲ್ಲಿ, ಈ ರಸ್ತೆಯನ್ನು ಕಡಿಯುವ ಕೆಲಸಕ್ಕೆ ಹಚ್ಚಲಾಗಿದ್ದ ಇಟಲಿಯ ಯುದ್ಧಕೈದಿಗಳು ಕಟ್ಟಿದ್ದು ಅದು. ಒಳಗೆ ಹತ್ತಾರು ಮಂದಿಗಿಂತ ಹೆಚ್ಚು ಕೂರಲಾಗದು.

ನಾರೋಕ್ ಪಟ್ಟಣದಲ್ಲಿ ಊಟ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಜೋಳದ ಮುದ್ದೆಯ ತಮ್ಮನೆನ್ನಬಹುದು, ಆದರೆ ಉಪ್ಪಿಲ್ಲ. ಜೊತೆಗೆ ಸಣ್ಣಗೆ ಹೆಚ್ಚಿ ಬಾಡಿಸಿದ ಸೊಪ್ಪಿನ ಪಲ್ಯ. ಚಪಾತಿಯೂ ಸಿಗುತ್ತದೆ, ಅದನ್ನು ಅವರೂ ಚಪಾತಿಯೆಂದೇ ಕರೆಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಚಟ್ನಿಪುಡಿಯನ್ನು ಉಗಾಲಿಯ ಮೇಲೆ ಉದುರಿಸಿಕೊಂಡು ಉಂಡ ಡಾಕ್ಟರು ಪಕ್ಕದ ಮೇಜಿನ ಲಾರಿ ಚಾಲಕನಿಗೂ ಒಂದಿಷ್ಟು ಕೊಟ್ಟರು. ಆತ ಎರಡು ಲೋಟ ನೀರು ಕುಡಿದು, ನಕ್ಕು, ಮತ್ತೆ ಕೈ ಚಾಚಿದ. ಗದಗಿನ ತರುಣ ಅಷ್ಟರಲ್ಲಿ ಪೇಟೆಗೆ ಹೋಗಿ ಒಂದಿಷ್ಟು ಅವರೆಯಂಥ ಕಾಳು ಕೊಂಡು ತಂದ. ಊರಿನಿಂದ ಖಾಲಿಯಾಗಿ ತಂದ ಬೀನ್ ಬ್ಯಾಗುಗಳಿಗೆ ಇಲ್ಲಿ ಕಾಳು ತುಂಬಿಸಿಕೊಂಡರೆ ವಿಮಾನದಲ್ಲಿ ಭಾರ ಹೊರುವುದು ತಪ್ಪುತ್ತದೆ. ಗಾಡಿಯೊಳಗೆ ಟ್ರೈಪಾಡ್ ನಿಲ್ಲಿಸಲು ಜಾಗವಿರುವುದಿಲ್ಲ; ಛಾವಣಿಯ ಅಂಚಿನ ಮೇಲೆ ಕಾಳಿನ ಚೀಲವಿಟ್ಟು ಅದರ ಮೇಲೆ ಲೆನ್ಸ್ ಮಲಗಿಸುವುದೇ ಇಲ್ಲಿನ ರೂಢಿ.

ಸೆಕೆನಾನಿ ದ್ವಾರದವರೆಗೆ ಡಾಂಬರು ರಸ್ತೆಯಿದೆ. ಅಲ್ಲಿಂದ ತಲೇಕ್ ಹೊಳೆಯ ಹತ್ತಿರದ ನಮ್ಮ ಶಿಬಿರದವರೆಗೆ ಕಲ್ಲು, ಕುಣಿ ಮತ್ತು ಧೂಳು. ಹುಲ್ಲಿನ ನಡುವೆ ಕೋರಿ ಬಸ್ಟರ್ಡ್ ಎಂಬ ಭಾರೀ ಹಕ್ಕಿಯೊಂದು ಗಂಭೀರವಾಗಿ ನಡೆದುಹೋಗುತ್ತಿತ್ತು. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತದ ಹತ್ತಿರದ ಸಂಬಂಧಿಯಿದು. ಡಾಕ್ಟರು ಗಾಡಿ ನಿಲ್ಲಿಸಲು ಹೇಳಿ ಬಹಳ ಹೊತ್ತು ದುರ್ಬೀನು ಕೆಳಗಿಳಿಸಲಿಲ್ಲ. ದೂರದಲ್ಲಿ ಸಿಂಹಗಳಿವೆಯೆಂದು ರೇಡಿಯೊದಲ್ಲಿ ಸುದ್ದಿ ಬರುತ್ತಿದ್ದರೂ ಅವರ ಮುಖ ನೋಡಿ ಯಾರೂ ಅವಸರ ಮಾಡಲಿಲ್ಲ.

ಮರುದಿನ: ದಂಡೆಯ ಮೇಲೆ ಕಾಯುತ್ತ

ಮೀಸಲು ಪ್ರದೇಶದ ಪ್ರವೇಶದರ ಜುಲೈಯಿಂದ ಡಿಸೆಂಬರ್‌ವರೆಗೆ ಹೊರದೇಶದವರಿಗೆ ದಿನಕ್ಕೆ 200 ಡಾಲರ್. ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ಇಷ್ಟು ಕೊಟ್ಟ ಮೇಲೆ ಒಂದು ನಿಮಿಷವನ್ನೂ ಬಿಡಬಾರದೆಂದು ಎಲ್ಲರೂ ನಸುಕಿನಲ್ಲೇ ಹೊರಟಿರುತ್ತಾರೆ. ಮಧ್ಯಾಹ್ನದ ಊಟವನ್ನು ಶಿಬಿರದವರು ಕಟ್ಟಿಕೊಡುತ್ತಾರೆ. ನದಿಯ ಬಳಿ ಕಾಯುವವರು ಊಟಕ್ಕೆಂದು ಶಿಬಿರಕ್ಕೆ ಮರಳುವ ಮಾತೇ ಇಲ್ಲ.

ಹುಲ್ಲುಗಾವಲನ್ನು ದಾಟಿ ಹೋಗುವಾಗ ಕಂಡದ್ದನ್ನು ಹಿಂಡು ಎನ್ನುವುದಕ್ಕಿಂತ ಮೆರವಣಿಗೆ ಎನ್ನಬೇಕು. ಒಂದರ ಹಿಂದೆ ಒಂದು, ತಲೆ ತಗ್ಗಿಸಿ, ಗೊಗ್ಗರು ದನಿಯಲ್ಲಿ ಗುಟುರು ಹಾಕುತ್ತ, ಕಣ್ಣಿಗೆ ನಿಲುಕುವವರೆಗೂ ವೈಲ್ಡ್‌ಬೀಸ್ಟ್‌ಗಳ ಸಾಲು. ಟಾಂಜಾನಿಯಾದ ಸೆರೆಂಗೆಟಿ ಬಯಲು ಮತ್ತು ಮಾರಾಗಳ ನಡುವೆ ವರ್ಷವಿಡೀ ಸುತ್ತುವ ಇವುಗಳ ಸಂಖ್ಯೆ ಸುಮಾರು 13 ಲಕ್ಷ, ಜೊತೆಗೆ ಸುಮಾರು ಎರಡು ಲಕ್ಷ ಜೀಬ್ರಾಗಳು. ಜನವರಿಯಿಂದ ಮಾರ್ಚ್‌ವರೆಗೆ ದಕ್ಷಿಣ ಸೆರೆಂಗೆಟಿಯಲ್ಲಿ, ಜ್ವಾಲಾಮುಖಿಯ ಬೂದಿಯಿಂದ ಖನಿಜಗಳು ತುಂಬಿದ ಗಿಡ್ಡ ಹುಲ್ಲಿನಲ್ಲಿ ಮರಿ ಹಾಕುತ್ತವೆ. ಅಲ್ಲಿ ಹುಲ್ಲು ಒಣಗಿದಂತೆ ಮಳೆಯ ಬೆನ್ನು ಹತ್ತಿ ಉತ್ತರಕ್ಕೆ ಸರಿಯುತ್ತವೆ. ಕೀನ್ಯಾದ ಮಾವು ಎತ್ತರ ಪ್ರದೇಶದಲ್ಲಿ ಹುಟ್ಟಿ, ಟಾಂಜಾನಿಯಾದಲ್ಲಿ ವಿಕ್ಟೋರಿಯಾ ಸರೋವರವನ್ನು ಸೇರುವ ಮಾರಾ ನದಿಯೊಂದೇ ಈ ಇಡೀ ಪ್ರದೇಶದಲ್ಲಿ ಬೇಸಿಗೆಗೂ ಬತ್ತದ ಹೊಳೆ. ಅದಕ್ಕಾಗಿಯೇ ಅವು ಇಲ್ಲಿಗೆ ಬರುತ್ತವೆ, ಅದನ್ನೇ ದಾಟಬೇಕಾಗುತ್ತದೆ. ಒಂದೇ ಸಲ ದಾಟಿ ಮುಗಿಸುತ್ತವೆಂದು ನಾನು ತಿಳಿದಿದ್ದೆ; ನಮ್ಮ ಮಾರ್ಗದರ್ಶಿ ಹೇಳಿದಂತೆ, ಎಲ್ಲಿ ಮಳೆ ಬಿದ್ದ ಸುಳಿವು ಸಿಕ್ಕಿತೋ ಅತ್ತ ನಡೆಯುವ ಇವು ಜುಲೈಯಿಂದ ಅಕ್ಟೋಬರ್‌ವರೆಗೆ ಅದೇ ನದಿಯನ್ನು ಮತ್ತೆ ಮತ್ತೆ ಆಚೀಚೆ ದಾಟುತ್ತವೆ.

ಆ ದಿನ ನಮ್ಮ ಬದಿಯ ದಂಡೆಯ ಮೇಲೆ ಸಾವಿರಾರು ಪ್ರಾಣಿಗಳು ಕೂಡಿದ್ದವು. ಮುಂದಿನವು ಅಂಚಿಗೆ ಬಂದು ಕೆಳಗೆ ನೋಡುವುದು, ಹಿಂದಿನವು ಒತ್ತುವುದು, ಯಾವುದೋ ಒಂದು ಬೆದರಿ ತಿರುಗಿದರೆ ಎಲ್ಲವೂ ಧೂಳೆಬ್ಬಿಸಿ ಹಿಂದಕ್ಕೋಡುವುದು, ಮತ್ತೆ ಅರ್ಧ ತಾಸಿನಲ್ಲಿ ಬಂದು ಕೂಡುವುದು. ಇದಕ್ಕೆ ಮುಂದಾಳು ಎಂಬುದಿಲ್ಲ. ಗಾಡಿಗಳು ದಂಡೆಯಿಂದ ದೂರದಲ್ಲಿ ನಿಲ್ಲಬೇಕು, ಮೊದಲ ಪ್ರಾಣಿ ನೀರಿಗಿಳಿದ ಮೇಲೆಯೇ ಮುಂದೆ ಬರಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಮಧ್ಯಾಹ್ನ ಮೂರರ ಸುಮಾರಿಗೆ ಜೀಬ್ರಾಗಳ ಒಂದು ಗುಂಪು ಇಳಿಜಾರಿನಲ್ಲಿ ಅರ್ಧಕ್ಕೆ ಇಳಿದಿತ್ತು. ಆಗ ಒಂದು ವ್ಯಾನು ತಾಳ್ಮೆಗೆಟ್ಟು ಅಂಚಿನವರೆಗೆ ನುಗ್ಗಿತು, ಅದರ ಹಿಂದೆ ಇನ್ನೆರಡು. ಜೀಬ್ರಾಗಳು ತಿರುಗಿದವು. ಹಿಂಡು ಮುಕ್ಕಾಲು ಮೈಲಿ ಹಿಂದಕ್ಕೆ ಹೋಗಿ ಮೇಯತೊಡಗಿತು. ನಮ್ಮ ಮಾರ್ಗದರ್ಶಿ ಮಸಾಯಿ ಭಾಷೆಯಲ್ಲಿ ಏನೋ ಅಂದ. ಅನುವಾದ ಕೇಳುವ ಧೈರ್ಯ ನಮಗಾಗಲಿಲ್ಲ.

ಆ ರಾತ್ರಿ ಶಿಬಿರದ ಬೆಂಕಿಯ ಮುಂದೆ ಡಾಕ್ಟರು ತಮ್ಮ ಕಾರಣವನ್ನು ಹೇಳಿದರು. ನೌಕರಿಯ ಮೊದಲ ವರ್ಷಗಳಲ್ಲಿ ಅವರು ಹಾವೇರಿ, ಹಾನಗಲ್ಲ, ಶಿಗ್ಗಾವಿ ಭಾಗದ ಹಳ್ಳಿಹಳ್ಳಿಗೆ ಸೈಕಲ್ ಮೇಲೆ ಹೋಗಿ ದನಗಳಿಗೆ ದೊಡ್ಡರೋಗದ (ರಿಂಡರ್‌ಪೆಸ್ಟ್) ಲಸಿಕೆ ಹಾಕಿದವರು. ಅದೇ ರೋಗ 1890ರ ಹೊತ್ತಿಗೆ ಪೂರ್ವ ಆಫ್ರಿಕಾಕ್ಕೆ ಹಬ್ಬಿ ಮಸಾಯಿಗಳ ದನಗಳನ್ನೂ ಕಾಡಿನ ವೈಲ್ಡ್‌ಬೀಸ್ಟ್‌ಗಳನ್ನೂ ಒಟ್ಟಿಗೆ ಸವರಿತ್ತು. 1961ರಲ್ಲಿ ಸೆರೆಂಗೆಟಿಯ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ಕೇವಲ ಎರಡೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡುಪ್ರಾಣಿಗಳಲ್ಲಿಯೂ ರೋಗ ತಾನಾಗಿ ಮಾಯವಾಗಿ, 1970ರ ದಶಕದ ಕೊನೆಗೆ ಸಂಖ್ಯೆ 13 ಲಕ್ಷ ದಾಟಿತು. 2011ರಲ್ಲಿ ದೊಡ್ಡರೋಗವು ಇಡೀ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. “ಸೂಜಿ ಚುಚ್ಚಿದ್ದು ಆಕಳಿಗೆ, ಉಳದದ್ದು ಇವು. ಅದನ್ನ ಕಣ್ಣಾರೆ ನೋಡಬೇಕಂತ ಬಂದೀನಿ,” ಎಂದರು. ಶಿಬಿರದ ಕಾವಲುಗಾರ, ಕೆಂಪು ಶುಕಾ ಹೊದ್ದ ನಡುವಯಸ್ಸಿನ ಮಸಾಯಿ, ಮಾರ್ಗದರ್ಶಿಯ ಮೂಲಕ ಇದನ್ನು ಕೇಳಿಸಿಕೊಂಡು ತನ್ನ ಕುರ್ಚಿಯನ್ನು ಡಾಕ್ಟರ ಪಕ್ಕಕ್ಕೆ ಎಳೆದುಕೊಂಡ. ವೈಲ್ಡ್‌ಬೀಸ್ಟ್‌ಗಳು ಮರಿ ಹಾಕುವ ಕಾಲದಲ್ಲಿ ತಮ್ಮ ದನಗಳನ್ನು ಆ ಹುಲ್ಲಿನತ್ತ ಬಿಡುವುದಿಲ್ಲ, ಬಿಟ್ಟರೆ ದನಗಳ ಕಣ್ಣು ಮೂಗು ಸೋರಿ ಸಾಯುತ್ತವೆ ಎಂದು ಆತ ಹೇಳಿದಾಗ, ಅದು ಮರಿಗಳಿಂದ ಹರಡುವ ಒಂದು ವೈರಸ್ ಎಂದು ಡಾಕ್ಟರು ವಿವರಿಸಿದರು. ನಾವು ಮಲಗಲು ಹೋದ ಮೇಲೆಯೂ ಅವರ ಮಾತು ಮುಗಿದಿರಲಿಲ್ಲ.

ಮೂರನೆಯ ದಿನ: ಎರೆ ಮಣ್ಣು

ಬೆಳಿಗ್ಗೆಯೆಲ್ಲ ನದಿಯ ಬಳಿ ಕಾಯ್ದು, ಬರಿಗೈಯಲ್ಲಿ ಲುಕೌಟ್ ದಿಬ್ಬದ ಕಡೆ ಹೊರಟಿದ್ದೆವು. ಪಶ್ಚಿಮದಲ್ಲಿ ಮೋಡ ಕವಿದದ್ದೇ ಅರ್ಧ ತಾಸು ಬಡಿದ ಮಳೆ. ಮಾರಾದ ಬಯಲಿನ ಬಹುಭಾಗ ಎರೆ ಭೂಮಿ ಎನ್ನುವುದನ್ನು ಪುಸ್ತಕದಲ್ಲಿ ಓದಿದ್ದ ನನಗೆ, ಗಾಡಿಯ ಹಿಂದಿನ ಗಾಲಿ ಗುಂಬದವರೆಗೆ ಹುಗಿದ ಮೇಲೆ ಅದು ಮನದಟ್ಟಾಯಿತು. ಚಾಲಕ ಎಂಜಿನ್ ಒತ್ತಿದಷ್ಟೂ ಗಾಡಿ ಇಳಿಯುತ್ತಿತ್ತು. “ತಮ್ಮಾ, ಬಂದ್ ಮಾಡು. ಇದು ನಮ್ಮ ನವಲಗುಂದದ ಎರಿ ಇದ್ಹಾಂಗ ಐತಿ, ಒತ್ತಿದಷ್ಟೂ ನುಂಗತೈತಿ,” ಎಂದು ಡಾಕ್ಟರು ಕನ್ನಡದಲ್ಲಿಯೇ ಕೂಗಿದರು, ಅದು ಅವನಿಗೆ ತಿಳಿಯಿತು ಎನ್ನುವುದು ಆಶ್ಚರ್ಯ. ಸುತ್ತ ಪ್ರಾಣಿಗಳಿಲ್ಲವೆಂದು ಖಚಿತಪಡಿಸಿಕೊಂಡು ಚಾಲಕನೊಬ್ಬನೇ ಕೆಳಗಿಳಿದು ಗಾಲಿಯ ಕೆಳಗೆ ಕಲ್ಲು ಹಾಕಿದ. ಅಂಥ ಬಯಲಿನಲ್ಲಿ ಪ್ರವಾಸಿಗರು ಗಾಡಿಯಿಂದ ಇಳಿಯುವಂತಿಲ್ಲ. ಕೊನೆಗೆ ಬೇರೊಂದು ಗಾಡಿ ಬಂದು ಹಗ್ಗ ಕಟ್ಟಿ ಎಳೆಯಬೇಕಾಯಿತು. ಅಷ್ಟು ಹೊತ್ತೂ ಹುಬ್ಬಳ್ಳಿಯ ಗೆಳೆಯರು ರೊಟ್ಟಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಕುಳಿತಿದ್ದರು.

ಮಳೆ ನಿಂತ ಮೇಲೆ ಗಾಳಿ ತೊಳೆದಂತಾಗಿ, ಬೆಳಕು ಬಹಳ ಚೆನ್ನಾಗಿತ್ತು. ಧೂಳೂ ಇರಲಿಲ್ಲ. ರೇಡಿಯೊ ಗದ್ದಲ ಮಾಡತೊಡಗಿತು. ನಾವು ನದಿ ಮುಟ್ಟಿದಾಗ ನಾಲ್ಕು ಗಂಟೆ. ನಮ್ಮ ಬದಿಯಿಂದ ಮೊದಲ ಜೀಬ್ರಾ ನೀರಿಗಿಳಿದು ನಿಂತಿತ್ತು.

ಅದು ಬಗ್ಗಿ ನೀರು ಕುಡಿಯಿತು. ಅದರ ಹಿಂದೆ ನಾಲ್ಕೈದು. ಮೇಲೆ ನಿಂತ ವೈಲ್ಡ್‌ಬೀಸ್ಟ್‌ಗಳ ಒತ್ತಡ ಹೆಚ್ಚುತ್ತ ಹೋಗಿ, ಮುಂದಿನದೊಂದು ಜಿಗಿಯಿತೋ ತಳ್ಳಲ್ಪಟ್ಟಿತೋ ಹೇಳಲಾರೆ, ನೀರಿಗೆ ಬಿತ್ತು; ಆಮೇಲೆ ತಡೆಯೇ ಇರಲಿಲ್ಲ. ಇಳಿಜಾರು ತುಂಬ ಕಪ್ಪು ಬೆನ್ನುಗಳು, ನೀರಿನಲ್ಲಿ ಕೊಂಬು ಮತ್ತು ಮೂಗಿನ ಹೊಳ್ಳೆಗಳು ಮಾತ್ರ. ಸೆಕೆಂಡಿನ 2,000ನೆಯ ಒಂದು ಭಾಗದ ಶಟರ್ ವೇಗದಲ್ಲಿ ಚಿಮ್ಮುವ ನೀರಿನ ಹನಿಗಳೂ ನಿಲ್ಲುತ್ತವೆ. ಆದರೆ ಪ್ರಾಣಿಗಳ ಮೈ ಬಹಳ ಕಪ್ಪಾದುದರಿಂದ ಮುಖದ ವಿವರ ಬೇಕಿದ್ದರೆ ಬೆಳಕನ್ನು ತುಸು ಹೆಚ್ಚಿಗೆ ಕೊಡಬೇಕು. ಗದಗಿನ ತರುಣ ಬಾಡಿಗೆಗೆ ತಂದ 600 ಮಿಲಿಮೀಟರ್ ಲೆನ್ಸಿನಲ್ಲಿ ಒಂದು ತಲೆಯಷ್ಟೇ ಹಿಡಿಯುತ್ತಿತ್ತು. ನದಿ ಅಲ್ಲಿ ಅಷ್ಟೇನೂ ಅಗಲವಿಲ್ಲ, 100-400 ಸಾಕಾಗುತ್ತದೆ, ಎರಡನೆಯ ಕ್ಯಾಮೆರಾದಲ್ಲಿ 70-200 ಇದ್ದರೆ ಇನ್ನೂ ಒಳ್ಳೆಯದು. ಗುಂಡಿಯನ್ನು ಒತ್ತಿ ಹಿಡಿದರೆ ಕ್ಯಾಮೆರಾದ ತಾತ್ಕಾಲಿಕ ಸ್ಮೃತಿ ಕ್ಷಣದಲ್ಲಿ ತುಂಬಿಹೋಗಿ, ಬೇಕಾದ ಹೊತ್ತಿಗೆ ಅದು ಸುಮ್ಮನಾಗುತ್ತದೆ; ಮೂರು ನಾಲ್ಕು ಚಿತ್ರಗಳ ಸಣ್ಣ ಸಣ್ಣ ಸರಣಿಗಳೇ ಕ್ಷೇಮ.

ಆಗ ಮೊಸಳೆ ಬಂತು. ಮೇಲ್ಪ್ರವಾಹದಿಂದ ಅವಸರವಿಲ್ಲದೆ ಸರಿದು ಬಂದ ನೈಲ್ ಮೊಸಳೆ ಸಾಲಿನ ಅಂಚಿನಲ್ಲಿ ಈಜುತ್ತಿದ್ದ ಒಂದು ಮರಿಯನ್ನು ಹಿಡಿಯಿತು. ದಂಡೆಯ ಮೇಲಿನ ಎಲ್ಲ ಲೆನ್ಸುಗಳೂ, ನಮ್ಮವೂ, ಒಮ್ಮೆಲೇ ಅತ್ತ ತಿರುಗಿದವು. ಮರಿ ಎರಡು ಸಲ ಮೇಲೆ ಬಂತು, ಮೂರನೆಯ ಸಲ ಬರಲಿಲ್ಲ. ಹುಬ್ಬಳ್ಳಿಯ ಗೆಳೆಯರು ಕ್ಯಾಮೆರಾ ಇಳಿಸಿ ಬೇರೆ ಕಡೆ ನೋಡತೊಡಗಿದರು.

“ಎಲ್ಲಾರೂ ಮೊಸಳಿ ನೋಡಾಕತ್ತೀರಿ. ಸಾಯಾಕತ್ತಿದ್ದು ಅಲ್ಲಿ, ಆಚಿ ದಂಡಿ ಬುಡಕ್ಕ,” ಎಂದರು ಡಾಕ್ಟರು, ದುರ್ಬೀನು ಕಣ್ಣಿನಿಂದ ತೆಗೆಯದೆ.

ಆಚೆಯ ದಂಡೆ ಕಡಿದಾಗಿತ್ತು. ಮೇಲೇರಲು ಇದ್ದದ್ದು ಒಂದೇ ಓಣಿ, ಹಿಪ್ಪೊಗಳು ಹತ್ತಿ ಇಳಿದು ಸವೆಸಿದ್ದು. ಮೊದಲು ಬಂದವು ಅದರಲ್ಲಿ ಸಲೀಸಾಗಿ ಏರಿಹೋಗಿದ್ದವು. ಆದರೆ ಅವುಗಳ ಮೈಯಿಂದ ಸುರಿದ ನೀರಿನಿಂದ ಓಣಿ ಜಾರತೊಡಗಿತ್ತು. ಅದೇ ಮಧ್ಯಾಹ್ನ ನಮ್ಮ ಗಾಡಿಯನ್ನು ನುಂಗಿದ ಮಣ್ಣೇ ಅಲ್ಲಿಯೂ. ಏರುವಲ್ಲಿ ತಡವಾದಂತೆ ನೀರಿನಲ್ಲಿ ಸರದಿ ಬೆಳೆಯಿತು. ಹಿಂದಿನವು ಮುಂದಿನವುಗಳ ಬೆನ್ನಿನ ಮೇಲೆ ಕಾಲು ಹಾಕುತ್ತಿದ್ದವು, ಸೆಳವು ಒಂದಷ್ಟನ್ನು ಓಣಿಯಿಂದ ಕೆಳಕ್ಕೆ, ಗೋಡೆಯಂತಿದ್ದ ದಂಡೆಯತ್ತ ತಳ್ಳುತ್ತಿತ್ತು. ಅಲ್ಲಿ ಅವು ಮುಂಗಾಲುಗಳಿಂದ ಮಣ್ಣು ಕೆರೆದು, ಮೊಣಕಾಲವರೆಗೆ ಏರಿ, ಜಾರಿ ಬೀಳುತ್ತಿದ್ದವು. ಕೆಲವು ತಿರುಗಿ ಈಜಿ ನಮ್ಮ ಬದಿಗೇ ಮರಳಿದವು. ಕೆಲವು ಕೆರೆಯುವುದನ್ನು ನಿಲ್ಲಿಸಿ ಸೆಳವಿನೊಂದಿಗೆ ಹೋದವು. ಯಾವ ಮೊಸಳೆಯೂ ಅವುಗಳ ಹತ್ತಿರ ಇರಲಿಲ್ಲ.

ನಾಲ್ಕನೆಯ ದಿನ: ಪುರುಂಗಾಟ್ ಸೇತುವೆ ಮತ್ತು ಮಾರಾ ಟ್ರಯಾಂಗಲ್

ನದಿಯ ಪಶ್ಚಿಮಕ್ಕಿರುವ ಭಾಗವನ್ನು ಮಾರಾ ಟ್ರಯಾಂಗಲ್ ಎನ್ನುತ್ತಾರೆ. ಒಟ್ಟು 1,510 ಚದರ ಕಿಲೋಮೀಟರಿನ ಮೀಸಲು ಪ್ರದೇಶದಲ್ಲಿ ಸುಮಾರು 510 ಚದರ ಕಿಲೋಮೀಟರ್ ಅದರ ಪಾಲು. 2001ರಿಂದ ಅದರ ಆಡಳಿತ ಬೇರೆ ಸಂಸ್ಥೆಯ ಕೈಯಲ್ಲಿದೆಯಾದ್ದರಿಂದ ಒಂದು ಬದಿಯ ಚೀಟಿ ಇನ್ನೊಂದು ಬದಿಗೆ ನಡೆಯುತ್ತದೆಯೇ ಎಂದು ಹೊರಡುವ ಮುನ್ನ ಶಿಬಿರದಲ್ಲಿಯೇ ಕೇಳಿಕೊಳ್ಳಬೇಕು. ಟಾಂಜಾನಿಯಾದ ಗಡಿಗೆ ತಾಗಿದಂತಿರುವ ಪುರುಂಗಾಟ್ ಸೇತುವೆಯ ಮೇಲೆ ದಾಟಿ ಹೋಗುವುದು. ಅಲ್ಲಿ ರೇಂಜರ್ ಜೊತೆಗಿದ್ದರೆ ಕೆಳಗಿಳಿದು ಒಂದಿಷ್ಟು ನಡೆಯಲು ಬಿಡುತ್ತಾರೆ.

ಸೇತುವೆ ಕಾಣುವ ಮೊದಲೇ ವಾಸನೆ ಬಂತು. ಮೇಲಿನ ದಾಟುತಾಣಗಳಲ್ಲಿ ಮುಳುಗಿದ ಪ್ರಾಣಿಗಳೆಲ್ಲ ತೇಲಿ ಬಂದು ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದವು, ಉಬ್ಬಿ, ಒಂದರ ಮೇಲೊಂದು. ಮೇಲೆ ಬಿಳಿಬೆನ್ನಿನ ರಣಹದ್ದುಗಳು, ಬೋಳು ತಲೆಯ ಮರಬೂ ಕೊಕ್ಕರೆಗಳು. ಒಂದು ದೊಡ್ಡ ಮೊಸಳೆ ಪಕ್ಕದಲ್ಲೇ ಮರಳಿನ ಮೇಲೆ ಹೊಟ್ಟೆ ಹಚ್ಚಿ ಬಿದ್ದಿತ್ತು, ಮುಂದಿದ್ದ ರಾಶಿಯ ಗೊಡವೆಯೇ ಇಲ್ಲದೆ. ಈ ನದಿಯಲ್ಲಿ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಮುಳುಗಿ ಸಾಯುತ್ತವೆ, ಅವುಗಳ ಒಟ್ಟು ತೂಕ ಸುಮಾರು 1,100 ಟನ್ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಅದರಲ್ಲಿ ಮೊಸಳೆಗಳ ಪಾಲಿಗೆ ಬರುವುದು ನೂರಕ್ಕೆ ಎರಡರಷ್ಟು. ಹಕ್ಕಿಗಳದ್ದು ಅದಕ್ಕಿಂತ ಹೆಚ್ಚು. ಉಳಿದದ್ದು ಕೊಳೆತು ನೀರಿಗೆ ಸೇರಿ ಮೀನುಗಳನ್ನು ಸಾಕುತ್ತದೆ. ಎಲುಬುಗಳು ಕರಗಲು ಏಳು ವರ್ಷ ಬೇಕು, ಅಷ್ಟೂ ವರ್ಷ ಅವುಗಳಿಂದ ರಂಜಕ ನದಿಗೆ ಇಳಿಯುತ್ತಲೇ ಇರುತ್ತದೆ. ಮೊಸಳೆಯ ಬಾಯಿಯ ಚಿತ್ರಕ್ಕಾಗಿ ಸಾವಿರಾರು ಮೈಲಿ ಬಂದವರೆಲ್ಲ ಈ ಸೇತುವೆಯ ಕೆಳಗೆ ಒಂದು ಹತ್ತು ನಿಮಿಷ ನಿಲ್ಲಬೇಕು ಎಂದು ನನ್ನ ಅಭಿಪ್ರಾಯ. ಮೂಗಿಗೆ ಬಟ್ಟೆ ಕಟ್ಟಿಕೊಂಡಾದರೂ ಸರಿ. ಡಾಕ್ಟರು ಕಟ್ಟಿಕೊಳ್ಳಲಿಲ್ಲ, ಯಾವ ಹೆಣ ಎಷ್ಟು ದಿನದ್ದೆಂದು ರೇಂಜರ್ ಜೊತೆ ಕೈಸನ್ನೆಯಲ್ಲಿ ಚರ್ಚಿಸುತ್ತಿದ್ದರು.

ಆ ದಿನದ ದಾಟುವಿಕೆ ಬೆಳಿಗ್ಗೆ ಹತ್ತರ ಹೊತ್ತಿಗೇ ಆಯಿತು, ನಮ್ಮತ್ತಲೇ ಮುಖ ಮಾಡಿ. ಛಾಯಾಗ್ರಾಹಕನಿಗೆ ಇದು ಮುಖ್ಯ: ಪ್ರಾಣಿಗಳು ಇಳಿಯುವ ಬದಿಯಲ್ಲಿದ್ದರೆ ಸಿಗುವುದು ಬೆನ್ನು ಮತ್ತು ಬಾಲ, ಏರುವ ಬದಿಯಲ್ಲಿದ್ದರೆ ಮುಖ ಮತ್ತು ಕಣ್ಣು. ಆದರೆ ಏರುವ ದಾರಿಗೆ ತಡೆಯಾದರೆ ಏನಾಗುತ್ತದೆಂದು ಹಿಂದಿನ ದಿನವೇ ನೋಡಿದ್ದೆವು. ಅಲ್ಲಿ ಗಾಡಿಗಳು ಅಡ್ಡ ನಿಂತರೆ ಮೊದಲೇ ಇಕ್ಕಟ್ಟಾದ ಓಣಿಯ ಬಾಯಿಯನ್ನು ಮುಚ್ಚಿದಂತೆಯೇ ಅದು. ಇಲ್ಲಿ ರೇಂಜರುಗಳು ಎಲ್ಲ ಗಾಡಿಗಳನ್ನೂ ಹಿಂದೆ, ಎರಡೂ ಮಗ್ಗುಲಿಗೆ ಸರಿಸಿ ನಿಲ್ಲಿಸಿದ್ದರು. ನಮಗೆ ಸಿಕ್ಕ ಜಾಗ ಓರೆಯಾಗಿತ್ತು, ನಡುವೆ ಒಂದು ಪೊದೆ ಬೇರೆ. ಗದಗಿನ ತರುಣ ಗೊಣಗಿದ. ನಮ್ಮ ಮಾರ್ಗದರ್ಶಿ ಎಂಜಿನ್ ಆರಿಸಿ, ಯಾರೂ ಗಾಡಿಯಲ್ಲಿ ಅಲುಗಾಡಬೇಡಿ ಎಂದ. ಒಬ್ಬರು ಕಾಲು ಬದಲಿಸಿದರೂ ಎಲ್ಲರ ಚಿತ್ರ ನಡುಗುತ್ತದೆ.

ಈ ಸಲ ನಾನು ಲೆನ್ಸನ್ನು ಏರಿನ ಬುಡಕ್ಕೆ ನೆಟ್ಟು ಅಲ್ಲಿಯೇ ಇರಿಸಿದೆ. ನೀರಿನಿಂದ ಎದ್ದು ಮೊದಲ ಹೆಜ್ಜೆಯಲ್ಲಿ ಮುಗ್ಗರಿಸಿ, ಮೂಗಿನಿಂದ ನೀರು ಸೀನುತ್ತ, ಕಣ್ಣು ಬಿಳಿಚಿ, ಏರುವ ಮುಖಗಳು ಒಂದಾದ ಮೇಲೊಂದು. ಬಲಗಡೆಯ ಕಡಿದಾದ ಮಣ್ಣಿಗೆ ಸಿಕ್ಕಿಕೊಂಡ ಒಂದು ದೊಡ್ಡ ಹೆಣ್ಣು ಐದಾರು ಸಲ ಜಾರಿ, ಸರಿದು ಸರಿದು ಓಣಿಯನ್ನು ತಲುಪಿ, ಏರಿ ಬಂತು. ಮೇಲೆ ಬಂದವು ಕೂಡಲೇ ಓಡಿಹೋಗುವುದಿಲ್ಲ. ತಾಯಂದಿರು ನಿಂತು ಕರೆಯುತ್ತವೆ, ಮರಿಗಳು ಸಿಕ್ಕಸಿಕ್ಕವುಗಳ ಬಳಿ ಹೋಗಿ ಮೂಸಿ, ಅದಲ್ಲವೆಂದು ತಿಳಿದು ಮುಂದಕ್ಕೆ ಹೋಗುತ್ತವೆ. ಗುರುತು ಹಿಡಿಯುವುದು ದನಿಯಿಂದ ಮತ್ತು ವಾಸನೆಯಿಂದ. ಒಂದು ತಾಯಿ ಹದಿನೈದು ನಿಮಿಷ ಕರೆದು, ಬಂದ ದಾರಿಯಲ್ಲಿಯೇ ಮತ್ತೆ ನೀರಿಗಿಳಿದು ಆಚೆಗೆ ಈಜಿತು. ಅದರ ಮರಿ ಅಲ್ಲಿತ್ತೋ ಇಲ್ಲವೋ ನಮಗೆ ಕಾಣಲಿಲ್ಲ.

ಹತ್ತೂವರೆಯ ನಂತರ ನೆಲದಿಂದೇಳುವ ಬಿಸಿಗಾಳಿಯಿಂದ ದೂರದ ಚಿತ್ರಗಳು ಅಲುಗಾಡತೊಡಗುತ್ತವೆ. ಆಗ ಶಟರ್ ವೇಗವನ್ನು ಸೆಕೆಂಡಿನ 30ನೆಯ ಒಂದು ಭಾಗಕ್ಕೆ ಇಳಿಸಿ, ಓಡುವ ಸಾಲಿನೊಂದಿಗೆ ಕ್ಯಾಮೆರಾವನ್ನು ತಿರುಗಿಸುತ್ತ ಹೋಗುವುದು ಒಂದು ಉಪಾಯ. ಹೆಚ್ಚಿನವು ಕೆಡುತ್ತವೆ. ಹುಬ್ಬಳ್ಳಿಯ ಗೆಳೆಯರಿಗೆ ಹಾಗೆ ಒಂದು ಚಿತ್ರ ಬಂತು: ಕಾಲುಗಳೆಲ್ಲ ಕರಗಿ ಒಂದು ಕಪ್ಪು ಹರಿವಾಗಿದ್ದವು, ನಡುವೆ ಒಂದೇ ಕಣ್ಣು ಸ್ಪಷ್ಟ. ಮೊಸಳೆ ಆ ದಿನ ಬರಲೇ ಇಲ್ಲ, ಯಾರಿಗೂ ಅದರ ನೆನಪೂ ಆಗಲಿಲ್ಲ.

ಹಿಂತಿರುಗುವ ದಾರಿ

ಹೊರಡುವ ಬೆಳಿಗ್ಗೆ ಬೀನ್ ಬ್ಯಾಗುಗಳ ಕಾಳನ್ನು ಶಿಬಿರದ ಅಡುಗೆಯವರಿಗೆ ಸುರಿದುಕೊಟ್ಟೆವು. ಕಾವಲುಗಾರ ಡಾಕ್ಟರನ್ನು ಗಾಡಿಯವರೆಗೆ ಬಂದು ಬೀಳ್ಕೊಟ್ಟ. ಅವರು ಅವನಿಗೆ ತಮ್ಮ ದುರ್ಬೀನನ್ನು ಕೊಟ್ಟುಬಿಟ್ಟಿದ್ದಾರೆಂದು ನಮಗೆ ನಾರೋಕ್ ದಾಟಿದ ಮೇಲೆ ಗೊತ್ತಾಯಿತು.

ಹೋಗುವಾಗ ಗಮನಿಸದಿದ್ದ ತಂತಿಬೇಲಿಗಳು ಬರುವಾಗ ಉದ್ದಕ್ಕೂ ಕಂಡವು. ಮೊದಲು ಕೀನ್ಯಾದ ಲೋಯಿಟಾ ಬಯಲಿನಿಂದಲೂ ಒಂದು ಪ್ರತ್ಯೇಕ ಹಿಂಡು ಮಾರಾಕ್ಕೆ ವಲಸೆ ಬರುತ್ತಿತ್ತು. ಗೋಧಿಯ ಹೊಲಗಳು ಹೆಚ್ಚಿ, ಭೂಮಿ ಹಂಚಿಹೋಗಿ, ಬೇಲಿಗಳು ಬಂದ ಮೇಲೆ ಆ ಹಿಂಡು ಬಹಳ ಕ್ಷೀಣಿಸಿದೆ. ತನ್ನ ತಂದೆಯ ಕಾಲದಲ್ಲಿ ಮನೆಯ ಮುಂದೆಯೇ ಹಾದುಹೋಗುತ್ತಿದ್ದವು ಎಂದು ಮಾರ್ಗದರ್ಶಿ ಹೇಳಿದ. ಈಗ ತನ್ನ ಮನೆಯ ಸುತ್ತಲೂ ಬೇಲಿಯಿದೆ, ಹಾಕಿಸಿದ್ದು ತಾನೇ, ದನಗಳಿಗೆ ಹುಲ್ಲು ಉಳಿಯಬೇಕಲ್ಲ ಎಂದೂ ಸೇರಿಸಿದ. 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಧಾಮದ ಅಂಚಿನಲ್ಲಿ ಕೃಷ್ಣಮೃಗಗಳು ಹೊಲಕ್ಕೆ ನುಗ್ಗುವುದನ್ನೂ, ರೈತರು ಬೆಳೆ ಕಾಯಲು ರಾತ್ರಿಯಿಡೀ ಕೂರುವುದನ್ನೂ ಡಾಕ್ಟರು ಅವನಿಗೆ ಹೇಳಿದರು. ಇಬ್ಬರಲ್ಲಿ ಯಾರೂ ಪರಿಹಾರ ಹೇಳಲು ಹೋಗಲಿಲ್ಲ.

ಮುಂಬೈಯಲ್ಲಿ ಹಳದಿ ಪುಸ್ತಿಕೆಯನ್ನು ನಿಜವಾಗಿಯೂ ತೆಗೆದು ನೋಡಿದರು. ಹುಬ್ಬಳ್ಳಿಗೆ ಬಂದ ಮೇಲಿನ ವಾರವೆಲ್ಲ ಚಿತ್ರಗಳನ್ನು ಆರಿಸುವುದರಲ್ಲಿ ಹೋಯಿತು. ಗದಗಿನ ಸ್ಟುಡಿಯೊದಲ್ಲಿ ಯಾವುದನ್ನು ದೊಡ್ಡದಾಗಿ ಮುದ್ರಿಸಬೇಕೆಂಬ ಬಗ್ಗೆ ನಮ್ಮಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಅವನು ಮೊಸಳೆಯ ಚಿತ್ರವನ್ನು ಅಂಗಡಿಯ ಗಾಜಿನ ಮುಂದೆ ಹಾಕಿದ, ಗಿರಾಕಿಗಳು ನಿಂತು ನೋಡುವುದು ಅದನ್ನೇ ಎಂದು. ಜಾರುತ್ತ ಏರುವ ಹೆಣ್ಣಿನ ಚಿತ್ರವನ್ನು ಡಾಕ್ಟರಿಗೆಂದು ಬೇರೆ ಮುದ್ರಿಸಿದ. ಅದನ್ನು ತೆಗೆದುಕೊಂಡು ಹೋಗಲು ಅವರು ಮುಂದಿನ ಸೋಮವಾರ ಹಾವೇರಿಯಿಂದ ಬರುವವರಿದ್ದಾರೆ.